ಲಕ್ಷ್ಮಣಫಲ ಮತ್ತು ಫ್ಯಾಮಿಲಿ ಗ್ರೂಪು: ಕ್ಯಾನ್ಸರ್ ಅಂದಾಗ ನಾವು ಯಾರನ್ನು ಕೇಳುತ್ತೇವೆ?

ಈ ಸಂಚಿಕೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಗುಡುಗಿನಂಥ ಸದ್ದು ಕೇಳಿಸಿದರೆ ನಿಮ್ಮ ಇಯರ್‌ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಾವು ಇದನ್ನು ದಾಖಲಿಸಿದ್ದು ನೈರೋಬಿಯ ಪೂರ್ವದ ಅಂಚಿನ ಎಂಬಕಸಿಯಲ್ಲಿ, ಒಬ್ಬ ಕೇಳುಗರ ಮನೆಯ ಅಡುಗೆಕೋಣೆಯಲ್ಲಿ. ಜೋಮೋ ಕೆನ್ಯಾಟಾ ವಿಮಾನ ನಿಲ್ದಾಣ ಇರೋದು ಇದೇ ಎಂಬಕಸಿಯಲ್ಲಿ. 1958ರಲ್ಲಿ ಅದು ಶುರುವಾದಾಗ ಅದರ ಹೆಸರೂ ಎಂಬಕಸಿ ಅಂತಲೇ ಇತ್ತು. ಈಗ ಸುತ್ತ ಒತ್ತೊತ್ತಾದ ಅಪಾರ್ಟ್‌ಮೆಂಟುಗಳು, ಮಟಾಟು ಬಸ್ಸುಗಳ ಹಾರ್ನು, ಬೀದಿಗೊಂದು ಕೆಮಿಸ್ಟ್ ಅಂಗಡಿ.

ಈ ಮನೆಯವರು ರಾಣೆಬೆನ್ನೂರು ಕಡೆಯವರು. ಯಜಮಾನರು ಇಲ್ಲೇ ಒಂದು ಗೋದಾಮಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಹೆಸರು ಹೇಳಬೇಡಿ, ಉಳಿದಿದ್ದನ್ನೆಲ್ಲ ಹೇಳಿ ಅಂತ ಅವರೇ ಕೇಳಿಕೊಂಡಿದ್ದಾರೆ. ಕಳೆದ ವರ್ಷ ದಸರಾ ಕಳೆದು ಒಂದು ವಾರಕ್ಕೆ ಊರಿಂದ ಫೋನು ಬಂತು: ಅವ್ವನ ಎದೆಯಲ್ಲಿ ಗಂಟಿದೆ. ಆ ಸುದ್ದಿ ಅವತ್ತು ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿಗೆ ಬಂತು. ರಾತ್ರಿ ಊಟದ ಹೊತ್ತಿಗೆ ದಾವಣಗೆರೆಯ ಸೋದರಮಾವ ಒಂದು ಫಾರ್ವರ್ಡ್ ಹಾಕಿದರು: 'ಲಕ್ಷ್ಮಣಫಲ ಕೀಮೋಥೆರಪಿಗಿಂತ 10,000 ಪಟ್ಟು ಶಕ್ತಿಶಾಲಿ. ಔಷಧ ಕಂಪನಿಗಳು ಮುಚ್ಚಿಟ್ಟ ಸತ್ಯ.'

ಮರುದಿನ ಬೆಳಗ್ಗೆ ಮನೆಗೆಲಸಕ್ಕೆ ಬರುವ ಹೆಂಗಸು, ಈ ಮನೆಯಾಕೆಯ ಮುಖ ನೋಡಿ ಏನಾಯ್ತು ಅಂತ ಕೇಳಿದಳಂತೆ. 'ಸರತಾನಿ ಇರಬಹುದು' ಅಂದಾಗ ಅವಳು ಒಂದೇ ಪದ ಹೇಳಿದಳು: 'ಸ್ಟಫೇಲಿ.' ಎರಡು ದಿನ ಬಿಟ್ಟು ಮಾರುಕಟ್ಟೆಯಿಂದ ತನ್ನ ದುಡ್ಡಲ್ಲೇ ಒಂದನ್ನು ಕೊಂಡೂ ತಂದಳು. ಹಸಿರು ಮೈ, ಮೆದು ಮುಳ್ಳು, ಒಳಗೆ ಬಿಳಿ ತಿರುಳು. ನೋಡಿದರೆ ಅದೇ ಲಕ್ಷ್ಮಣಫಲ!

ಕನ್ನಡ ಬಾರದವಳು, ಸ್ವಾಹಿಲಿ ಬಾರದ ಸೋದರಮಾವ, ನಡುವೆ ಒಂದು ಸಾಗರ. ಇಬ್ಬರ ಉತ್ತರವೂ ಒಂದೇ. 'ಇಬ್ಬರಿಗೂ ಗೊತ್ತಿದೆ ಅಂದ್ಮೇಲೆ ನಿಜ ಇರಬೇಕಲ್ವಾ?' ಅಂತ ಈ ಮನೆಯಾಕೆ ನಮಗೆ ಬರೆದು ಕೇಳಿದ್ದರು. ಆ ಪ್ರಶ್ನೆಯೇ ನಮ್ಮನ್ನು ಇಲ್ಲಿಗೆ ಕರೆತಂದದ್ದು.

ಮೊದಲು ಹಣ್ಣಿನ ವಿಷಯ ಮುಗಿಸಿಬಿಡೋಣ. 10,000 ಅನ್ನೋ ಸಂಖ್ಯೆ ಯಾರೋ ಸುಮ್ಮನೆ ಕಟ್ಟಿದ್ದಲ್ಲ, ಅದಕ್ಕೊಂದು ಮೂಲ ಇದೆ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ರಸಾಯನವಿಜ್ಞಾನಿಗಳು ಲಕ್ಷ್ಮಣಫಲದ ಬೀಜದಿಂದ ಕೆಲವು ಸಂಯುಕ್ತಗಳನ್ನು ಬೇರ್ಪಡಿಸಿದರು. ಅದರಲ್ಲೊಂದು, ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಬಗೆಯ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಆಡ್ರಿಯಾಮೈಸಿನ್ ಎಂಬ ಔಷಧಕ್ಕಿಂತ 10,000 ಪಟ್ಟು ಪ್ರಬಲವಾಗಿ ಕೆಲಸ ಮಾಡಿತು. ಗಮನಿಸಿ: ಹಣ್ಣಲ್ಲ, ಬೀಜ. ಬೀಜವೂ ಅಲ್ಲ, ಅದರಿಂದ ಶುದ್ಧಗೊಳಿಸಿದ ಒಂದು ವಸ್ತು. ಮನುಷ್ಯರ ಮೇಲಲ್ಲ, ತಟ್ಟೆಯಲ್ಲಿ ಬೆಳೆದ ಜೀವಕೋಶಗಳ ಮೇಲೆ. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶಗಳನ್ನು ಫಿನಾಯಿಲ್ ಕೂಡ ಕೊಲ್ಲುತ್ತೆ. ಪ್ರಶ್ನೆ ಇರೋದು, ಪಕ್ಕದಲ್ಲಿರುವ ಒಳ್ಳೆಯ ಕೋಶಗಳನ್ನು ಬಿಟ್ಟು ಅದನ್ನು ಮಾತ್ರ ಕೊಲ್ಲುವುದು ಹೇಗೆ, ಹೊಟ್ಟೆಗೆ ಹೋದ ವಸ್ತು ಗಂಟಿನ ತನಕ ಎಷ್ಟು ತಲುಪುತ್ತೆ ಅನ್ನೋದರಲ್ಲಿ.

ಇನ್ನೊಂದು ಸಂಗತಿಯೂ ಇದೆ, ಅದು ಮಾತ್ರ ಯಾವ ಫಾರ್ವರ್ಡಿನಲ್ಲೂ ಬರುವುದಿಲ್ಲ. 1999ರಲ್ಲಿ ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದ ವೈದ್ಯರು, ತಮ್ಮಲ್ಲಿ ವಿಚಿತ್ರ ಬಗೆಯ ಪಾರ್ಕಿನ್ಸನ್ ತರಹದ ಕಾಯಿಲೆ ಹೆಚ್ಚಿರುವುದನ್ನೂ, ಆ ರೋಗಿಗಳಲ್ಲಿ ಬಹಳ ಜನ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ವರ್ಷಗಟ್ಟಲೆ ಸೇವಿಸಿದ್ದನ್ನೂ ಗುರುತಿಸಿದರು. ಹಣ್ಣಿನಲ್ಲಿರುವ ಅನೋನಾಸಿನ್ ಎಂಬ ವಸ್ತು ನರಕೋಶಗಳಿಗೆ ವಿಷವಾಗಬಲ್ಲದು ಅಂತ ಆಮೇಲಿನ ಪ್ರಯೋಗಗಳು ತೋರಿಸಿದವು. ಆ ಹಣ್ಣೇ ಕಾರಣ ಅಂತ ಪೂರ್ತಿ ಸಾಬೀತಾಗಿಲ್ಲ. ಒಂದೆರಡು ತೊಳೆ ತಿಂದವರು ಹೆದರಬೇಕಿಲ್ಲ. ಆದರೆ ದಿನಕ್ಕೆ ಮೂರು ಲೋಟ ಎಲೆ ಕಷಾಯ ಅನ್ನೋದು ಬೇರೆ ಮಾತು.

ಹಾಗಂತ ಗಿಡಮೂಲಿಕೆಯಲ್ಲಿ ಏನೂ ಇಲ್ಲ ಅಂತ ನಾವು ಹೇಳಿದರೆ ಅದೂ ಸುಳ್ಳೇ. ನಮ್ಮ ಹಿತ್ತಲಲ್ಲಿ ಬೆಳೆಯುವ ನಿತ್ಯಪುಷ್ಪ ಮೂಲತಃ ಇಲ್ಲಿಗೆ ಹತ್ತಿರದ ಮಡಗಾಸ್ಕರ್‌ನ ಗಿಡ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುವ ವಿನ್‌ಕ್ರಿಸ್ಟಿನ್ ಅದರಿಂದ ಬಂದದ್ದು. ಸ್ತನ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ಆದರೆ ಇಷ್ಟು ತೂಕದ ಮನುಷ್ಯನಿಗೆ ಇಷ್ಟು ಮಿಲಿಗ್ರಾಂ, ಇಷ್ಟು ದಿನಕ್ಕೊಮ್ಮೆ ಅಂತ ಅಳೆದು ಕೊಟ್ಟು, ಯಾರು ಬದುಕಿದರು ಯಾರು ಬದುಕಲಿಲ್ಲ ಅಂತ ಎಣಿಸಿದ ಮೇಲೆ ಅವು ಔಷಧವಾದವು. ಹಿತ್ತಲಿನ ನಿತ್ಯಪುಷ್ಪದ ಎಲೆ ಅರೆದು ಕುಡಿಯಬೇಡಿ, ಅದು ವಿಷ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಇಷ್ಟು ಮಾಹಿತಿ ಹುಡುಕಿದರೆ ಸಿಗುತ್ತಿತ್ತಲ್ಲ, ಯಾಕೆ ಯಾರೂ ಹುಡುಕಲಿಲ್ಲ? ಅಕೌಂಟೆಂಟ್ ಮಗ, ಬಿ.ಎಸ್ಸಿ. ಓದಿದ ಸೊಸೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದ ಮಗಳು. ದಡ್ಡರು ಯಾರೂ ಇಲ್ಲ ಆ ಮನೆಯಲ್ಲಿ.

ಜನ ಆರೋಗ್ಯದ ಮಾಹಿತಿಯನ್ನು ಹೇಗೆ ಹುಡುಕುತ್ತಾರೆ ಅನ್ನೋದೇ ಒಂದು ಅಧ್ಯಯನದ ಕ್ಷೇತ್ರ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2002-03ರಲ್ಲಿ ಇದಕ್ಕಾಗಿಯೇ ಒಂದು ದೊಡ್ಡ ಸಮೀಕ್ಷೆ ಶುರುಮಾಡಿತು. 6,369 ಜನರನ್ನು ಮಾತಾಡಿಸಿದ ಆ ಮೊದಲ ಸುತ್ತಿನ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಮಾಹಿತಿ ಬೇಕಾದರೆ ಮೊದಲು ಎಲ್ಲಿಗೆ ಹೋಗಲು ಇಷ್ಟ ಅಂತ ಕೇಳಿದಾಗ ಸುಮಾರು ಅರ್ಧದಷ್ಟು ಜನ 'ವೈದ್ಯರ ಹತ್ತಿರ' ಅಂದರು. ನಿಜವಾಗಿ ಮೊದಲು ಹೋದದ್ದು ಎಲ್ಲಿಗೆ ಅಂದರೆ? ಹೆಚ್ಚುಕಮ್ಮಿ ಅರ್ಧದಷ್ಟು ಜನ ಇಂಟರ್ನೆಟ್ಟಿಗೆ. ವೈದ್ಯರ ಬಳಿ ಮೊದಲು ಹೋದವರು ನೂರಕ್ಕೆ 11 ಜನ. ಅದು ವಾಟ್ಸ್ಯಾಪ್ ಹುಟ್ಟುವ ಮುಂಚಿನ ಮಾತು.

ನಂಬೋದು ಒಬ್ಬರನ್ನು, ಕೇಳೋದು ಇನ್ನೊಬ್ಬರನ್ನು. ಕಾರಣ ಸರಳ: ವೈದ್ಯರು ಬೆಳಗ್ಗೆ ಹನ್ನೊಂದಕ್ಕೆ ಸಿಗುತ್ತಾರೆ, ಅದೂ ನಾಲ್ಕು ನಿಮಿಷ. ಭಯ ಬರೋದು ರಾತ್ರಿ ಎರಡಕ್ಕೆ. ಎಂಬಕಸಿಯಲ್ಲಿ ರಾತ್ರಿ ಎರಡು ಗಂಟೆಯಾದರೆ ರಾಣೆಬೆನ್ನೂರಿನಲ್ಲಿ ನಾಲ್ಕೂವರೆ. ಅಲ್ಲಿ ತಂಗಿ ಎದ್ದಿರುತ್ತಾಳೆ, ಇಲ್ಲಿ ಅಣ್ಣ ಇನ್ನೂ ಮಲಗಿಲ್ಲ. ಆ ಹೊತ್ತಿನಲ್ಲಿ ಸಿಗೋದು ಫೋನು ಮಾತ್ರ. ಆ ಫೋನಿನಲ್ಲಿ ಕಾದಿರೋದೇನು? 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಅತಿ ಹೆಚ್ಚು ಹಂಚಿಕೆಯಾದ 200 ಕ್ಯಾನ್ಸರ್ ಲೇಖನಗಳನ್ನು ತಜ್ಞ ವೈದ್ಯರು ಕೂತು ಓದಿದರು. 65ರಲ್ಲಿ ತಪ್ಪು ಮಾಹಿತಿ ಇತ್ತು. ಅದಕ್ಕಿಂತ ಬೇಸರದ ಸಂಗತಿ, ತಪ್ಪಿರುವ ಲೇಖನಗಳಿಗೇ ಜನರ ಸ್ಪಂದನೆ ಜಾಸ್ತಿ.

ಸೋದರಮಾವ ಆ ಫಾರ್ವರ್ಡ್ ಹಾಕಿದ್ದು ಅಕ್ಕನ ಮೇಲಿನ ಪ್ರೀತಿಗೆ. ಕೆಲಸದ ಹೆಂಗಸು ತನ್ನ ದಿನಗೂಲಿಯಲ್ಲಿ ಹಣ್ಣು ತಂದದ್ದೂ ಅದೇ ಮನಸ್ಸಿನಿಂದ. ಬರೀ ಸುಳ್ಳಾಗಿದ್ದರೆ ಅದನ್ನು ತಳ್ಳಿಹಾಕೋದು ಸುಲಭ. ಪ್ರೀತಿಯ ಕೈಯಿಂದ ಬಂದ ಸುಳ್ಳನ್ನು ತಳ್ಳಿಹಾಕಿದರೆ ಆ ಕೈಯನ್ನೇ ತಳ್ಳಿದ ಹಾಗೆ. 'ಮಾವ, ಅದು ಸುಳ್ಳು' ಅಂತ ಗ್ರೂಪಿನಲ್ಲಿ ಬರೆಯೋಕೆ ಯಾರಿಗೆ ಧೈರ್ಯ ಇದೆ? ನಮಗಂತೂ ಇಲ್ಲ.

ಇಲ್ಲಿ ಕೂತು ಮಾತಾಡ್ತಾ ಮನೆಯ ಯಜಮಾನರು ಲೊಲಿಯೊಂಡೋ ಕಥೆ ತೆಗೆದರು. ಗಡಿಯಾಚೆ ತಾಂಜಾನಿಯಾದ ಆ ಪ್ರದೇಶದ ಸಮುಂಗೆ ಹಳ್ಳಿಯಲ್ಲಿ, ಅಂಬಿಲಿಕಿಲೆ ಮಸಪಿಲ ಎಂಬ ನಿವೃತ್ತ ಪಾದ್ರಿ 2011ರಲ್ಲಿ ಒಂದು ಬೇರಿನ ಕಷಾಯ ಕೊಡುತ್ತಿದ್ದರು. ಒಂದು ಕಪ್ಪಿಗೆ 500 ತಾಂಜಾನಿಯಾ ಶಿಲಿಂಗ್. ಕ್ಯಾನ್ಸರ್, ಎಚ್‌ಐವಿ, ಸಕ್ಕರೆ ಕಾಯಿಲೆ, ಎಲ್ಲಕ್ಕೂ ಅದೇ ಕಪ್ಪು. ಕೆನ್ಯಾದಿಂದಲೂ ಜನ ಹೋದರು, ಕಾಡುದಾರಿಯಲ್ಲಿ ವಾಹನಗಳ ಸಾಲು ಮೈಲುಗಟ್ಟಲೆ. ಆ ಗಿಡ ಯಾವುದು ಗೊತ್ತಾ? ನಮ್ಮ ಕವಳಿ ಹಣ್ಣಿನ ಬಳಗದ ಮುಳ್ಳುಗಿಡ.

ಕೇಳುತ್ತಿದ್ದ ಹಾಗೆ ನಿಮ್ಮಲ್ಲಿ ಕೆಲವರಿಗೆ ಸಾಗರ ತಾಲೂಕಿನ ನರಸೀಪುರ ನೆನಪಾಗಿರುತ್ತೆ. ವೈದ್ಯ ನಾರಾಯಣ ಮೂರ್ತಿಯವರು 2020ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಗೆ ಗುರುವಾರ, ಭಾನುವಾರ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳ ಕಡೆಯವರು ರಿಪೋರ್ಟು ಹಿಡಿದು ಬರುತ್ತಿದ್ದರು, ನಸುಕಿನಿಂದಲೇ ಸಾಲು. ಆ ಸಾಲಲ್ಲಿ ನಿಂತವರನ್ನು ನಾವು ಗೇಲಿ ಮಾಡೋದಿಲ್ಲ. ನಮ್ಮ ಮನೆಗಳಿಂದಲೂ ಹೋಗಿದ್ದಾರೆ. ಆದರೆ ಸಾಲಿನ ಗಣಿತ ಮಾತ್ರ ವಿಚಿತ್ರ. ನೂರು ಜನ ಹೋದರು ಅಂದುಕೊಳ್ಳಿ. ಗುಣವಾದ ಐದು ಜನ ಇನ್ನೂ ಐವತ್ತು ಜನಕ್ಕೆ ಹೇಳ್ತಾರೆ. ಉಳಿದವರ ಮನೆಯವರು ತಿಥಿ ಮುಗಿಸಿ ಸುಮ್ಮನಾಗ್ತಾರೆ, ಸಾಲಿಗೆ ಬಂದು ಹೇಳೋದಿಲ್ಲ. ಗುಣವಾದ ಐವರಲ್ಲಿ ಎಷ್ಟು ಜನಕ್ಕೆ ಆಪರೇಷನ್ನೂ ಆಗಿತ್ತು ಅಂತ ಯಾರೂ ಕೇಳೋದಿಲ್ಲ, ಹೆಸರು ಬರೋದು ಕೊನೆಗೆ ತಗೊಂಡ ಮದ್ದಿಗೆ. ಎಣಿಸಿದಾಗ ಏನು ಕಾಣುತ್ತೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ, ಕ್ಯಾನ್ಸರ್ ಇನ್ನೂ ದೂರಕ್ಕೆ ಹರಡದಿದ್ದಾಗಲೇ ಬರೀ ಬದಲಿ ಚಿಕಿತ್ಸೆ ಆರಿಸಿಕೊಂಡ 281 ಜನರನ್ನು, ಸಾಮಾನ್ಯ ಚಿಕಿತ್ಸೆ ಪಡೆದವರ ಜೊತೆ ಹೋಲಿಸಿದರು. ಸಾವಿನ ಅಪಾಯ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಂತೂ ಐದು ಪಟ್ಟಿಗೂ ಮೀರಿ. ಮಾಯೆಯ ವ್ಯತ್ಯಾಸ ಏನಿಲ್ಲ, ಕಳೆದುಹೋದ ತಿಂಗಳುಗಳ ವ್ಯತ್ಯಾಸ ಅಷ್ಟೆ.

ಇಲ್ಲಿಯ ತನಕ ಹುಡುಕುವವರ ಮಾತಾಯಿತು. ಹುಡುಕದೇ ಇರುವುದೂ ಒಂದು ನಡವಳಿಕೆಯೇ. 1980ರ ದಶಕದಲ್ಲಿ ಮನೋವಿಜ್ಞಾನಿ ಸುಸಾನ್ ಮಿಲ್ಲರ್ ಜನರಲ್ಲಿ ಎರಡು ಒಲವುಗಳನ್ನು ಗುರುತಿಸಿದರು. ಕೆಲವರು ಅಪಾಯದ ವಾಸನೆ ಬಂದರೆ ಕೆದಕಿ ಕೆದಕಿ ತಿಳಿಯಬೇಕು, ಇಲ್ಲದಿದ್ದರೆ ನಿದ್ದೆ ಬರೋದಿಲ್ಲ. ಇನ್ನು ಕೆಲವರು ಆ ಮಾತೇ ಬೇಡ ಅಂತ ಬೇರೆ ಕಡೆ ಗಮನ ಹರಿಸಿದರೇನೇ ನಿದ್ದೆ. ಒಂದೇ ಮನೆಯಲ್ಲಿ ಎರಡೂ ಥರದವರು ಇದ್ದಾಗ ಜಗಳ ಗ್ಯಾರಂಟಿ.

ನಮ್ಮ ಭಾಷೆಯೇ ಇದಕ್ಕೆ ಪರದೆ ಹಿಡಿಯುತ್ತೆ. ಸ್ವಾಹಿಲಿಯ 'ಸರತಾನಿ' ಅರಬ್ಬಿಯಿಂದ ಬಂದದ್ದು, ಅರ್ಥ ಏಡಿ. ಕ್ಯಾನ್ಸರ್ ಅಂದರೂ ಏಡಿಯೇ. ನಮ್ಮ ಹಿಂದಿನ ವೈದ್ಯ ಲೇಖಕರು 'ಏಡಿಗಂತಿ' ಅಂತ ಚೆಂದದ ಪದ ಮಾಡಿಕೊಟ್ಟರು. ಊರಲ್ಲಿ ಯಾವುದನ್ನೂ ಹೇಳೋದಿಲ್ಲ. ಬೆಂಗಳೂರು ಕಡೆ 'ಕಿದ್ವಾಯಿಗೆ ಕರ್ಕೊಂಡ್ ಹೋಗಿದ್ರಂತೆ' ಅಂದರೆ ಸಾಕು. ಹುಬ್ಬಳ್ಳಿ ಕಡೆಯವರಿಗೆ ನವನಗರದ ಆಸ್ಪತ್ರೆ ಅಂದರೆ ಮುಂದಿನದು ಹೇಳಬೇಕಿಲ್ಲ. ಕೆನ್ಯಾದಲ್ಲೂ ಹೀಗೇ ಪಿಸುಮಾತಾಗಿದ್ದದ್ದು 2019ರ ಜುಲೈನಲ್ಲಿ ಬೀದಿಗೆ ಬಂತು. ಆ ಒಂದೇ ತಿಂಗಳಲ್ಲಿ ಸಫಾರಿಕಾಮ್ ಮುಖ್ಯಸ್ಥ ಬಾಬ್ ಕಾಲಿಮೋರ್, ಕಿಬ್ರ ಸಂಸದ ಕೆನ್ ಒಕೋತ್, ಬೊಮೆಟ್ ಗವರ್ನರ್ ಜಾಯ್ಸ್ ಲಬೊಸೊ, ಮೂವರೂ ಕ್ಯಾನ್ಸರಿನಿಂದ ತೀರಿಕೊಂಡರು. ತನಗೆ ಕರುಳಿನ ಕ್ಯಾನ್ಸರ್ ಇದೆ ಅಂತ ಒಕೋತ್ ಬದುಕಿದ್ದಾಗಲೇ ಬಹಿರಂಗವಾಗಿ ಹೇಳಿದ್ದರು. ಮಟಾಟುಗಳಲ್ಲೂ ರೇಡಿಯೋದಲ್ಲೂ ತಿಂಗಳುಗಟ್ಟಲೆ ಅದೇ ಮಾತಾಗಿತ್ತು ಅಂತ ಎಂಬಕಸಿಯ ಈ ದಂಪತಿ ನೆನಪಿಸಿಕೊಂಡರು.

ಆಗಿನಿಂದ ಇವರಿಗೆ ಇನ್ನೊಂದು ಪಜೀತಿ. ಕೆನ್ಯಾದಿಂದ ಎಷ್ಟೋ ಜನ ಚಿಕಿತ್ಸೆಗೆ ಭಾರತಕ್ಕೆ ಹೋಗ್ತಾರೆ. ಬೆಂಗಳೂರಿನ ಎಚ್‌ಸಿಜಿಯ ಹೆಸರು ನೈರೋಬಿಯ ಒಂದು ಕ್ಯಾನ್ಸರ್ ಕೇಂದ್ರದ ಮೇಲೂ ಇದೆ. ಹಾಗಾಗಿ 'ನೀವು ಬೆಂಗಳೂರಿನ ಕಡೆಯವರಲ್ವಾ, ಯಾವ ಡಾಕ್ಟರ್ ಒಳ್ಳೆಯವರು?' ಅಂತ ಅಕ್ಕಪಕ್ಕದವರು ಕೇಳ್ತಾರೆ. ಇವರಿಗೇನು ಗೊತ್ತು, ಪಾಪ? ಆದರೂ ಏನಾದರೊಂದು ಹೇಳ್ತಾರೆ. 'ನಾವೂ ಯಾರಿಗೋ ಸೋದರಮಾವ ಆಗಿದ್ದೀವಿ' ಅಂತ ಯಜಮಾನರು ನಕ್ಕರು.

ಅವ್ವನ ವಿಷಯಕ್ಕೆ ಬರೋಣ. ಬಯಾಪ್ಸಿ ಮಾಡಿಸಬೇಕು ಅಂದಾಗ ಮನೆಯಲ್ಲಿ ಹತ್ತು ದಿನ ತಡವಾಯಿತು. 'ಸೂಜಿ ಹಾಕಿದ್ರ ಹರಡ್ತೈತಿ' ಅಂತ ಯಾರೋ ಹೇಳಿದ್ದರು. ಈ ಮಾತು ನಮಗೆ ಪ್ರತಿ ತಿಂಗಳೂ ಯಾರಾದರೂ ಬರೆದು ಕೇಳ್ತಾರೆ. ಸ್ತನದ ಗಂಟಿಗೆ ಸೂಜಿಯಿಂದ ಚೂರು ತೆಗೆದು ನೋಡೋದೇ ಜಗತ್ತಿನಾದ್ಯಂತ ಸರಿಯಾದ ಕ್ರಮ. ವೃಷಣದ ಗಂಟಿನಂಥ ಕೆಲವು ಕಡೆ ಮಾತ್ರ ವೈದ್ಯರೇ ಸೂಜಿ ಹಾಕೋದಿಲ್ಲ. ನಂಬಿಕೆ ಹುಟ್ಟೋದು ಹೀಗೆ: ಬಹಳ ಜನ ಬಯಾಪ್ಸಿಗೆ ಹೋಗೋದೇ ತಡವಾಗಿ, ಅಷ್ಟರಲ್ಲಿ ರೋಗ ಮುಂದುವರಿದಿರುತ್ತೆ. ಸೂಜಿ ಆದಮೇಲೆ ಹದಗೆಟ್ಟರು ಅನ್ನೋದು ಕಣ್ಣಿಗೆ ಕಾಣೋ ಸತ್ಯ. ಸೂಜಿಯಿಂದ ಅನ್ನೋದು ನಾವು ಸೇರಿಸಿಕೊಂಡದ್ದು.

ರಿಪೋರ್ಟು ಬಂತು. ಅದರ ಫೋಟೋ ಗ್ರೂಪಿಗೂ ಬಂತು. 'ಗ್ರೇಡ್ 3' ಅಂತ ಇದ್ದದ್ದನ್ನು ಓದಿ ಎಲ್ಲರೂ 'ಥರ್ಡ್ ಸ್ಟೇಜ್' ಅಂದುಕೊಂಡರು, ಎರಡು ದಿನ ಎರಡು ದೇಶಗಳಲ್ಲಿ ಅತ್ತರು. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಎಷ್ಟು ಅಂಕೆ ತಪ್ಪಿದಂತೆ ಕಾಣುತ್ತವೆ ಅನ್ನೋದು ಗ್ರೇಡ್, ಅದು 1ರಿಂದ 3. ಗಂಟು ಎಷ್ಟು ದೊಡ್ಡದು, ಕಂಕುಳ ಗ್ರಂಥಿಗಳಿಗೆ ಬಂದಿದೆಯಾ, ದೂರದ ಅಂಗಕ್ಕೆ ಹೋಗಿದೆಯಾ ಅನ್ನೋದು ಸ್ಟೇಜ್, ಅದು 4ರ ತನಕ. ಅವ್ವನದು ಎರಡನೇ ಸ್ಟೇಜು. ರಿಪೋರ್ಟಿನ ಕೆಳಗೆ ಇನ್ನೂ ಮೂರು ಹೆಸರುಗಳು ಇದ್ದವು: ಇಆರ್, ಪಿಆರ್, ಹರ್-2. ಮೊದಲೆರಡು ಪಾಸಿಟಿವ್ ಇದ್ದರೆ ಹಾರ್ಮೋನ್ ತಡೆಯುವ ಮಾತ್ರೆ ಕೆಲಸಕ್ಕೆ ಬರುತ್ತೆ, ಮೂರನೆಯದಕ್ಕೆ ಬೇರೆಯೇ ಗುರಿಯಿಟ್ಟ ಔಷಧ ಇದೆ. 'ಪಾಸಿಟಿವ್' ಅನ್ನೋ ಪದ ಕಂಡ ಕೂಡಲೇ ಎದೆ ಒಡೆದುಕೊಳ್ಳಬೇಡಿ ಅಂತ ಹೇಳೋಕೇ ಒಂದು ಸಂಚಿಕೆ ಬೇಕು.

ಆಮೇಲೆ ಮಕ್ಕಳೆಲ್ಲ ಸೇರಿ ತೀರ್ಮಾನ ಮಾಡಿದರು, ಅವ್ವನಿಗೆ ಹೇಳೋದು ಬೇಡ. 'ಗಡ್ಡೆ ಅಂತ, ತೆಗೆದರ ಆತು' ಅಂತಷ್ಟೇ. ಡಾಕ್ಟರಿಗೂ ಕಣ್ಸನ್ನೆ. ಮೂರು ವಾರ ಈ ನಾಟಕ ನಡೀತು. ಮಗ ಎಂಬಕಸಿಯಿಂದ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕ ಕೂತಿದ್ದಾಗ ಅವ್ವ ಹೇಳಿದ್ದು: 'ಬಾಗಿಲದಾಗ ಅಷ್ಟು ದೊಡ್ಡದಾಗಿ ಕ್ಯಾನ್ಸರ್ ಆಸ್ಪತ್ರಿ ಅಂತ ಬರದಾರ. ನಂಗೇನು ಓದಾಕ ಬರಂಗಿಲ್ಲನು?'

ಅಷ್ಟೇ ಅಲ್ಲ. ಗಂಟು ಅವ್ವನಿಗೆ ಗೊತ್ತಾಗಿದ್ದು ದಸರಾಕ್ಕಲ್ಲ, ಕಾರಹುಣ್ಣಿಮೆಗೆ. ನಾಲ್ಕು ತಿಂಗಳು ಯಾರಿಗೂ ಹೇಳಿರಲಿಲ್ಲ. ಯಾಕೆ ಅಂದರೆ 'ಯಾರೂ ಕೇಳಲಿಲ್ಲ'. ಕೊನೆಗೆ ಕೇಳಿದ್ದು ಊರಿನ ಆಶಾ ಕಾರ್ಯಕರ್ತೆ. ಮೂವತ್ತು ದಾಟಿದವರ ಮನೆಗೆ ಹೋಗಿ ಅವರು ತುಂಬಿಸುವ ಫಾರಂನಲ್ಲಿ ಒಂದು ಪ್ರಶ್ನೆ ಇದೆ: ಸ್ತನದಲ್ಲಿ ಗಂಟು ಇದೆಯಾ? ಬೇರೆ ಯಾವ ಮಾಹಿತಿಯೂ ಮಾಡದ ಕೆಲಸವನ್ನು ಆ ಪ್ರಶ್ನೆ ಮಾಡಿತು. ಪೋಸ್ಟರ್ ಉತ್ತರ ಹೇಳುತ್ತೆ, ಗೂಗಲ್ ಉತ್ತರ ಹೇಳುತ್ತೆ, ನಾವೂ ಇಲ್ಲಿ ಕೂತು ಉತ್ತರವನ್ನೇ ಹೇಳ್ತಿದ್ದೀವಿ. ಅವ್ವನಿಗೆ ಬೇಕಾಗಿದ್ದದ್ದು ಕೇಳುವವರು. ಕೆನ್ಯಾ 2023ರ ಸೆಪ್ಟೆಂಬರಿನಲ್ಲಿ ಸುಮಾರು ಒಂದು ಲಕ್ಷ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ಮನೆಮನೆಗೆ ಕಳಿಸುವ ಯೋಜನೆ ಶುರುಮಾಡಿತು. ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ತಡವಾಗಿ ಆಸ್ಪತ್ರೆಗೆ ಬರುವ ದೇಶ ಇದು. ಸ್ಟಫೇಲಿ ತಂದುಕೊಟ್ಟ ಹೆಂಗಸಿನ ಮನೆಗೂ ಅಂಥ ಒಬ್ಬರು ಬರ್ತಾರಂತೆ, ಸದ್ಯಕ್ಕೆ ರಕ್ತದೊತ್ತಡ ನೋಡಿ ಹೋಗ್ತಾರಂತೆ.

ಅವ್ವನ ಮಾತು ಕೇಳಿದ ಮೇಲೆ ನಾಟಕ ನಿಂತಿತು. ಸೊಸೆ ಒಂದು ನೋಟ್‌ಬುಕ್ ಶುರುಮಾಡಿದರು. ಎಡಪುಟದಲ್ಲಿ ಡಾಕ್ಟರಿಗೆ ಕೇಳಬೇಕಾದದ್ದು, ಬಲಪುಟದಲ್ಲಿ ಅವರು ಹೇಳಿದ್ದು. ಗ್ರೂಪಿಗೆ ಬಂದ ಫಾರ್ವರ್ಡೂ ಎಡಪುಟಕ್ಕೇ ಹೋಗುತ್ತೆ: 'ಲಕ್ಷ್ಮಣಫಲ ಕೊಡಬಹುದಾ?' ಮಾವನಿಗೆ ಸುಳ್ಳು ಅಂತ ಹೇಳಬೇಕಿಲ್ಲ, 'ಡಾಕ್ಟರನ್ನ ಕೇಳ್ತೀವಿ ಮಾವ' ಅಂದರೆ ಮುಗೀತು. ಇದು ಇವರೇ ಕಂಡುಕೊಂಡ ಉಪಾಯ, ಆದರೆ 1990ರ ದಶಕದಿಂದ ಆಸ್ಟ್ರೇಲಿಯಾದ ಸಿಡ್ನಿಯ ಸಂಶೋಧಕರು ಇದನ್ನೇ ಪರೀಕ್ಷಿಸಿದ್ದಾರೆ. ಕ್ಯಾನ್ಸರ್ ರೋಗಿಗಳಿಗೆ ಭೇಟಿಗೆ ಮುಂಚೆ ಪ್ರಶ್ನೆಗಳ ಹಾಳೆ ಕೊಟ್ಟರೆ, ಸಾಮಾನ್ಯವಾಗಿ ಬಾಯಿಗೆ ಬಾರದ 'ಮುಂದೇನಾಗುತ್ತೆ' ಅನ್ನೋ ಪ್ರಶ್ನೆಯನ್ನೂ ಕೇಳ್ತಾರೆ.

ಆ ನೋಟ್‌ಬುಕ್ಕನ್ನು ನಮಗೂ ತೋರಿಸಿದರು. ಎರಡನೇ ಭೇಟಿಯ ಎಡಪುಟದಲ್ಲಿ ಮಕ್ಕಳ ಹದಿನಾಲ್ಕು ಪ್ರಶ್ನೆಗಳಿವೆ: ಸ್ಟೇಜು, ಖರ್ಚು, ಕೂದಲು, ಎಷ್ಟು ಸಲ ಕೀಮೋ. ಹದಿನೈದನೆಯದು ಬೇರೆ ಕೈಬರಹ, ಸೀಸದ ಕಡ್ಡಿಯಲ್ಲಿ ದಪ್ಪಗೆ ಬರೆದದ್ದು: ಬಿತ್ತೋ ಹೊತ್ತಿಗೆ ಹೊಲಕ್ಕೆ ಹೋಗಬಹುದೋ ಹೆಂಗ? ಬಲಪುಟದಲ್ಲಿ ಡಾಕ್ಟರು ಹೇಳಿದ್ದು: ಇಂಜೆಕ್ಷನ್ ಆಗಿ ಎರಡು ವಾರ ಬೇಡ, ರಕ್ತದ ಬಿಳಿಕಣ ಕಡಿಮೆ ಇರುತ್ತೆ. ಮೂರನೇ ವಾರ ಹೋಗಿ ಬದುವಿನ ಮೇಲೆ ಕೂತು ನೋಡಬಹುದು. ಕುಡುಗೋಲು ಹಿಡಿಯಬಾರದು. ಜ್ವರ ಬಂದರೆ ಅದೇ ದಿನ ಫೋನು ಮಾಡಬೇಕು.